ಆದಿ ಕ್ರೈಸ್ತ ಚರಿತ್ರೆಯ ಹಳೆಯ ಗ್ರಂಥವೊಂದನ್ನು ಪರಿಷ್ಕರಿಸುವುದೆಂದರೆ

ಕ್ರೈಸ್ತ ಸಭೆಯ ಚರಿತ್ರೆಯನ್ನು ಮೊದಲು ವ್ಯವಸ್ಥಿತವಾಗಿ ಬರೆದವನು ಪ್ಯಾಲೆಸ್ತೀನಿನ ಕೈಸರೈಯದ ಬಿಷಪ್ ಯುಸೇಬಿಯಸ್. ಅವನ ಹತ್ತು ಭಾಗಗಳ ‘ಸಭಾಚರಿತ್ರೆ’ ಈಗ ನಮಗೆ ದೊರೆಯುವ ರೂಪದಲ್ಲಿ ಒಂದೇ ಪಟ್ಟಿಗೆ ಬರೆದದ್ದಲ್ಲ. ಅವನು ಅದನ್ನು ಎಷ್ಟು ಬಾರಿ ತಿದ್ದಿದ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ತಿದ್ದಿದ ಎಂಬುದರಲ್ಲಿ ಅನುಮಾನವಿಲ್ಲ. ಕಾನ್‌ಸ್ಟಂಟೈನನ ಜೊತೆಗೆ ರೋಮನ್ ಸಾಮ್ರಾಜ್ಯವನ್ನು ಆಳುತ್ತಿದ್ದ ಲಿಸಿನಿಯಸ್‌ನನ್ನು ಒಂದು ಹಂತದಲ್ಲಿ ಗೌರವದಿಂದ ಹೆಸರಿಸಿದ ಅದೇ ಪುಸ್ತಕ, 324ರಲ್ಲಿ ಅವನು ಸೋತ ಮೇಲೆ ಅವನನ್ನು ಕ್ರೂರಿಯೆಂದು ಚಿತ್ರಿಸುತ್ತದೆ. 326ರಲ್ಲಿ ಕಾನ್‌ಸ್ಟಂಟೈನ್ ತನ್ನ ಮಗ ಕ್ರಿಸ್ಪಸ್‌ನನ್ನೇ ಕೊಲ್ಲಿಸಿದ. ಹತ್ತನೆಯ ಭಾಗದಲ್ಲಿ ಕ್ರಿಸ್ಪಸ್‌ಗೆ ಸಂದ ಹೊಗಳಿಕೆ ಗ್ರೀಕ್ ಹಸ್ತಪ್ರತಿಗಳಲ್ಲಿ ಉಳಿದುಕೊಂಡಿದ್ದರೂ ಸಿರಿಯಾಕ್ ಭಾಷೆಯ ಅನುವಾದದಲ್ಲಿ ಅವನ ಹೆಸರೇ ಇಲ್ಲ. ಹೀಗೆ ವಿಶೇಷಣಗಳು ಬದಲಾದವು, ಹೆಸರುಗಳು ಅಳಿದವು, ಆದರೆ ಕಥೆಯ ಚೌಕಟ್ಟು ಕದಲಲಿಲ್ಲ: ಯೇಸು ಕಳಿಸಿದ ಮೊದಲ ಬೋಧಕರಾದ ಅಪೊಸ್ತಲರಿಂದ ಬಿಷಪ್ಪರಿಗೆ ಅಖಂಡವಾಗಿ ಹರಿದುಬಂದ ಶುದ್ಧ ಬೋಧನೆ, ಅದನ್ನು ಹೊರಗಿನಿಂದ ಪೀಡಿಸಿದ ಅರಸರು, ಒಳಗಿನಿಂದ ಕೆಡಿಸಲು ಹೊರಟ ಪಾಷಂಡಿಗಳು, ಕೊನೆಗೆ ದೈವಕೃಪೆಯಿಂದ ಬಂದ ವಿಜಯ.

ಈ ಚೌಕಟ್ಟು ಹದಿನಾರು ಶತಮಾನ ಬಾಳಿತು. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಬಂದ ಹೆಚ್ಚಿನ ಸಭಾಚರಿತ್ರೆಗಳ ಅಧ್ಯಾಯಕ್ರಮವನ್ನು ನೋಡಿದರೆ, ಲೇಖಕರು ಯುಸೇಬಿಯಸ್‌ನ ಮಾತುಗಳನ್ನು ಒಪ್ಪದಿದ್ದಾಗಲೂ ಅವನ ವಿಷಯಾನುಕ್ರಮಣಿಕೆಯನ್ನು ಒಪ್ಪಿಕೊಂಡೇ ಬರೆದರೆಂಬುದು ತಿಳಿಯುತ್ತದೆ. ಅಂಥದೊಂದು ಪುಸ್ತಕವನ್ನು, 1950ರ ಸುಮಾರಿಗೆ ಬಂದು ಹಲವು ಮುದ್ರಣ ಕಂಡ, ಒಳ್ಳೆಯ ಗದ್ಯದಲ್ಲಿರುವ, ಲೇಖಕರು ಈಗ ಬದುಕಿಲ್ಲದ ಒಂದು ಪುಸ್ತಕವನ್ನು, ಎದುರಿಗಿಟ್ಟುಕೊಂಡು ಅದನ್ನು ಇಂದಿನ ಓದುಗರಿಗಾಗಿ ಪರಿಷ್ಕರಿಸಬೇಕಾಗಿದೆ ಎಂದು ಭಾವಿಸೋಣ. ಹೊಸ ಶೋಧಗಳನ್ನು ಸೇರಿಸುವುದೇ ಪರಿಷ್ಕರಣೆಯೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ನನ್ನ ವಾದ ಬೇರೆ. ಸೇರಿಸುವುದು ಈ ಕೆಲಸದಲ್ಲಿ ಅತ್ಯಂತ ಹಗುರವಾದ ಭಾಗ. ಹಳೆಯ ವಾಕ್ಯಗಳು ಎಷ್ಟು ಖಚಿತವಾಗಿ ಮಾತನಾಡುತ್ತವೆ ಎಂಬುದನ್ನು ಒಂದೊಂದಾಗಿ ತೂಗಿ ನೋಡುವುದು, ಆ ಖಚಿತತೆಯ ಆಸರೆಯಲ್ಲಿ ನಿಂತ ಅಧ್ಯಾಯಕ್ರಮವನ್ನು ಪ್ರಶ್ನಿಸುವುದು ನಿಜವಾದ ಕೆಲಸ.

ಹಗುರವಾದದ್ದನ್ನು ಮೊದಲು ಮುಗಿಸೋಣ. ಯೇಸುವಿಗೆ ಮರಣದಂಡನೆ ವಿಧಿಸಿದ ಪೊಂತ್ಯ ಪಿಲಾತನನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ‘ಪ್ರೊಕ್ಯುರೇಟರ್’ ಎಂದು ಕರೆದಿದ್ದರಿಂದ ಹಳೆಯ ಪುಸ್ತಕಗಳೂ ಹಾಗೆಯೇ ಕರೆದವು. 1961ರಲ್ಲಿ ಕೈಸರೈಯದ ರಂಗಮಂದಿರದ ಅಗೆತದಲ್ಲಿ ಸಿಕ್ಕ ಶಾಸನವು ಅವನನ್ನು ಯೂದಾಯದ ‘ಪ್ರಿಫೆಕ್ಟ್’ ಎನ್ನುತ್ತದೆ, ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಕ್ರೈಸ್ತರು ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಅಡಗಿ ಬದುಕುತ್ತಿದ್ದರೆಂಬ ಚಿತ್ರವನ್ನೂ ತೆಗೆದುಹಾಕಬೇಕು, ಏಕೆಂದರೆ ಅವು ಹೂಳುವ ಜಾಗಗಳಾಗಿದ್ದವು, ಅಧಿಕಾರಿಗಳಿಗೆ ತಿಳಿಯದ ಗುಪ್ತಸ್ಥಳಗಳಲ್ಲ. ಕೆಲವೆಡೆ ಹಳೆಯ ಪುಸ್ತಕ ಸರಿಯಾಗಿಯೇ ಇರುತ್ತದೆ ಎಂಬುದನ್ನೂ ಹೇಳಬೇಕು. ಪೌಲನು ಗ್ರೀಸಿನ ಕೊರಿಂಥದಲ್ಲಿ ರೋಮನ್ ಅಧಿಪತಿ ಗಲ್ಲಿಯೋನನ ಎದುರು ನಿಂತನೆಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಡೆಲ್ಫಿಯಲ್ಲಿ ದೊರೆತು 1905ರಲ್ಲಿ ಬೆಳಕಿಗೆ ಬಂದ ಶಾಸನದ ತುಣುಕುಗಳಿಂದ ಗಲ್ಲಿಯೋನನ ಅಧಿಕಾರಾವಧಿ ಸುಮಾರು ಕ್ರಿ.ಶ. 51–52 ಎಂದು ಗೊತ್ತಾಯಿತು, ಮತ್ತು ಪೌಲನ ಜೀವನದ ಕಾಲಗಣನೆ ಇಂದಿಗೂ ಆ ಒಂದು ಕಲ್ಲಿನ ಮೇಲೆಯೇ ಬಹುಮಟ್ಟಿಗೆ ನಿಂತಿದೆ. ಪರಿಷ್ಕರಿಸುವವನು ಹಳೆಯದೆಲ್ಲವೂ ಹುಸಿ ಎಂಬ ಉತ್ಸಾಹದಲ್ಲಿ ಇಂಥ ಪುಟಗಳ ಮೇಲೂ ಕೈಯಾಡಿಸಿದರೆ ಪುಸ್ತಕ ಕೆಡುತ್ತದೆ.

ಹಸ್ತಪ್ರತಿಗಳ ಕಾಲದ ವಿಷಯಕ್ಕೆ ಬಂದಾಗ ಕೆಲಸ ಕಷ್ಟವಾಗತೊಡಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ರೈಲಂಡ್ಸ್ ಗ್ರಂಥಾಲಯದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಪ್ರಾಚೀನ ಕಾಗದ) ತುಣುಕಿದೆ. ಅದರ ಎರಡೂ ಬದಿಗಳಲ್ಲಿ ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಕೆಲವು ಸಾಲುಗಳಿವೆ. 1935ರಲ್ಲಿ ಅದನ್ನು ಪ್ರಕಟಿಸಿದ ಸಿ. ಎಚ್. ರಾಬರ್ಟ್ಸ್ ಅದು ಎರಡನೆಯ ಶತಮಾನದ ಮೊದಲ ಅರ್ಧಕ್ಕೆ ಸೇರಿದ್ದೆಂದರು. ಹತ್ತೊಂಬತ್ತನೆಯ ಶತಮಾನದ ಕೆಲವು ಜರ್ಮನ್ ವಿದ್ವಾಂಸರು ಆ ಸುವಾರ್ತೆಯನ್ನೇ ಎರಡನೆಯ ಶತಮಾನದ ಉತ್ತರಾರ್ಧಕ್ಕೆ ಎಳೆದಿದ್ದರಿಂದ, ಈ ತುಣುಕು ಆ ವಾದಕ್ಕೆ ಕೊಟ್ಟ ಅಂತಿಮ ಉತ್ತರವೆಂಬಂತೆ ಪಠ್ಯಪುಸ್ತಕಗಳನ್ನು ಸೇರಿತು. ಸೇರುವಾಗ ‘ಮೊದಲ ಅರ್ಧ’ ಎಂಬುದು ಅನೇಕ ಕಡೆ ‘ಸುಮಾರು 125’ ಎಂದಾಯಿತು. ಆ ಕಾಲನಿರ್ಣಯಕ್ಕೆ ಇದ್ದ ಆಧಾರ ಬರವಣಿಗೆಯ ಶೈಲಿ ಮಾತ್ರ. ಒಬ್ಬ ಲಿಪಿಕಾರ ಯೌವನದಲ್ಲಿ ಕಲಿತ ಕೈಬರಹವನ್ನು ಮೂವತ್ತು ನಲವತ್ತು ವರ್ಷ ಬಳಸಬಲ್ಲ. ತಾರೀಕಿರುವ ಹೋಲಿಕೆಯ ಪತ್ರಗಳೆಲ್ಲ ಬಹುಪಾಲು ಲೆಕ್ಕಪತ್ರ, ಅರ್ಜಿಗಳಂಥವೇ ಹೊರತು ಗ್ರಂಥಗಳಲ್ಲ. 2005ರಲ್ಲಿ ಬ್ರೆಂಟ್ ನಾಂಗ್‌ಬ್ರಿ ಎಂಬ ವಿದ್ವಾಂಸರು ಇದೇ ಬಗೆಯ ಬರಹ ಎರಡನೆಯ ಶತಮಾನದ ಕೊನೆಗೂ ಮೂರನೆಯ ಶತಮಾನದ ಆರಂಭಕ್ಕೂ ಸಿಗುತ್ತದೆಂದು ಹೋಲಿಕೆಗಳ ಮೂಲಕ ತೋರಿಸಿ, ಆ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದರು. ಅವರು ತುಣುಕು ತಡವಾದದ್ದೆಂದು ಸಾಧಿಸಲಿಲ್ಲ, ಅದನ್ನು ಬೇಗನೆಯದೆಂದು ಸಾಧಿಸಲಾಗದೆಂದರು. ಈ ಎರಡರ ನಡುವಿನ ವ್ಯತ್ಯಾಸ ಪರಿಷ್ಕೃತ ಆವೃತ್ತಿಯಲ್ಲಿ ಉಳಿಯಬೇಕು. 125 ಎಂಬುದನ್ನು ಹೊಡೆದು 200 ಎಂದು ಬರೆದರೆ ಒಂದು ಅತಿಖಚಿತತೆಯ ಜಾಗಕ್ಕೆ ಇನ್ನೊಂದನ್ನು ತಂದಂತಾಗುತ್ತದೆ.

ಹೊಸತು ಎಂಬ ಒಂದೇ ಕಾರಣಕ್ಕೆ ಸುದ್ದಿಯನ್ನು ಪುಸ್ತಕಕ್ಕೆ ಸೇರಿಸುವ ಆತುರವೂ ಇದೇ ಜಾತಿಯ ದೋಷ. ಮೊದಲ ಶತಮಾನದಲ್ಲೇ ಬರೆದ ಮಾರ್ಕನ ಸುವಾರ್ತೆಯ ತುಣುಕೊಂದು ಸಿಕ್ಕಿದೆಯೆಂದು 2012ರಲ್ಲಿ ಸಾರ್ವಜನಿಕವಾಗಿ ಘೋಷಣೆಯಾಯಿತು. 2018ರಲ್ಲಿ ಆ ತುಣುಕು ಈಜಿಪ್ಟಿನ ಪ್ರಾಚೀನ ಊರಾದ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್‌ಗಳ ಮಾಲೆಯಲ್ಲಿ ಕ್ರಮಬದ್ಧವಾಗಿ ಪ್ರಕಟವಾದಾಗ ಸಂಪಾದಕರು ಅದಕ್ಕೆ ಕೊಟ್ಟ ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಅದೇ 2012ರಲ್ಲಿ ಯೇಸುವಿಗೆ ಹೆಂಡತಿಯಿದ್ದಳೆಂದು ಸೂಚಿಸುವ, ಈಜಿಪ್ಟಿನ ಕ್ರೈಸ್ತರ ಹಳೆಯ ಭಾಷೆಯಾದ ಕಾಪ್ಟಿಕ್‌ನಲ್ಲಿರುವ ತುಣುಕೊಂದು ಪತ್ರಿಕೆಗಳ ಮುಖಪುಟ ಕಂಡಿತು, ಕೆಲವೇ ವರ್ಷಗಳಲ್ಲಿ ಅದು ಆಧುನಿಕ ಕೃತಕ ಸೃಷ್ಟಿಯೆಂದು ಬಯಲಾಯಿತು. ಈ ನಡುವಿನ ವರ್ಷಗಳಲ್ಲಿ ಅಚ್ಚಾದ ‘ನವೀಕೃತ’ ಆವೃತ್ತಿಯೊಂದು ಇವೆರಡನ್ನೂ ಒಳಗೊಂಡಿದ್ದರೆ, ಅದು 1950ರ ಮೂಲಕ್ಕಿಂತ ಬೇಗ ಹಳಸುತ್ತಿತ್ತು.

ಇನ್ನು ಚೌಕಟ್ಟಿನ ಪ್ರಶ್ನೆ. ಹಳೆಯ ಪುಸ್ತಕದಲ್ಲಿ ‘ಪಾಷಂಡಗಳು’ ಎಂಬ ಒಂದು ಅಧ್ಯಾಯ ಇದ್ದೇ ಇರುತ್ತದೆ, ಮತ್ತು ಅದರ ಮುಖ್ಯ ಆಧಾರ ಲಿಯೋನ್ಸ್ ನಗರದ ಬಿಷಪ್ ಐರೇನಿಯಸ್ ಸುಮಾರು 180ರಲ್ಲಿ ಬರೆದ ಖಂಡನಗ್ರಂಥ. ಎದುರಾಳಿಯ ಮಾತನ್ನು ಅವನನ್ನು ಖಂಡಿಸುವವನ ಬಾಯಿಂದಲೇ ಕೇಳಬೇಕಾದ ಸ್ಥಿತಿ ಅದು. 1945ರಲ್ಲಿ ಮೇಲಣ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ದೊರೆತ ಹದಿಮೂರು ಕಾಪ್ಟಿಕ್ ಹೊತ್ತಗೆಗಳು ಈ ಸ್ಥಿತಿಯನ್ನು ಬದಲಿಸಿದವು. ಐವತ್ತಕ್ಕೂ ಮಿಕ್ಕ ಕೃತಿಗಳು ಅವುಗಳಲ್ಲಿದ್ದವು. ಯೇಸುವಿನ 114 ನುಡಿಗಳ ಸಂಗ್ರಹವಾದ ತೋಮನ ಸುವಾರ್ತೆ ಅವುಗಳಲ್ಲಿ ಒಂದು. ಅದರ ಕೆಲವು ನುಡಿಗಳ ಗ್ರೀಕ್ ಮೂಲವನ್ನು ಗ್ರೆನ್‌ಫೆಲ್ ಮತ್ತು ಹಂಟ್ 1897ರಲ್ಲೇ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಿಂದ ತೆಗೆದು ಪ್ರಕಟಿಸಿದ್ದರಾದರೂ, ಅವು ಯಾವ ಕೃತಿಗೆ ಸೇರಿದವೆಂಬುದು ನಾಗ್ ಹಮ್ಮಾದಿಯ ನಂತರವೇ ಸ್ಪಷ್ಟವಾಯಿತು. ಹೊತ್ತಗೆಗಳ ರಟ್ಟನ್ನು ಗಟ್ಟಿಗೊಳಿಸಲು ಬಳಸಿದ ರದ್ದಿ ಕಾಗದಗಳಲ್ಲಿ 340ರ ದಶಕದ ತಾರೀಕುಗಳಿರುವುದರಿಂದ ಅವು ನಾಲ್ಕನೆಯ ಶತಮಾನದ ನಡುಗಾಲ ಅಥವಾ ಅದರ ಅನಂತರ ಕಟ್ಟಿದವೆಂದು ಹೇಳಬಹುದು. ಒಳಗಿನ ಕೃತಿಗಳು ಎಷ್ಟು ಹಳೆಯವೆಂಬುದು ಬೇರೆಯೇ ಪ್ರಶ್ನೆ, ಮತ್ತು ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರಶ್ನೆ. (ಮಣ್ಣು ಅಗೆಯಲು ಹೋದ ರೈತರಿಗೆ ಜಾಡಿಯೊಂದು ಸಿಕ್ಕ ಕಥೆಯನ್ನು ಪುಸ್ತಕಗಳು ಬಹಳ ಪ್ರೀತಿಯಿಂದ ಹೇಳುತ್ತವೆ, ಆ ಕಥೆಯ ವಿವರಗಳು ಹೇಳಿಕೆಯಿಂದ ಹೇಳಿಕೆಗೆ ಬದಲಾಗುವುದನ್ನು ತೋರಿಸಿ ಕಳೆದ ದಶಕದಲ್ಲಿ ವಿದ್ವಾಂಸರು ಎತ್ತಿದ ಸಂದೇಹಗಳನ್ನು ನೋಡಿದರೆ, ಅದನ್ನೂ ಕಿರಿದಾಗಿಸುವುದು ಕ್ಷೇಮ.)

ಪರಿಷ್ಕರಿಸುವವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಪಾಷಂಡಗಳ ಅಧ್ಯಾಯವನ್ನು ಇದ್ದಂತೆಯೇ ಬಿಟ್ಟು ಅದರ ಕೊನೆಗೆ ‘ನಾಗ್ ಹಮ್ಮಾದಿಯ ಶೋಧ’ ಎಂಬ ಹೊಸ ಭಾಗವನ್ನು ಅಂಟಿಸುವುದು. ಆಗ ಐರೇನಿಯಸ್ ಮಾಡಿದ ವರ್ಗೀಕರಣವೇ ಮುಂದುವರಿದು, ಹೊಸ ಕೃತಿಗಳು ಅವನ ಆರೋಪಪಟ್ಟಿಗೆ ಒದಗಿದ ಹೆಚ್ಚುವರಿ ಪುರಾವೆಗಳಂತೆ ಕಾಣುತ್ತವೆ. ಆದರೆ ಆ ಕೃತಿಗಳು ಒಂದೇ ಪಂಥದವಲ್ಲ. ಪ್ಲೇಟೋವಿನ ‘ರಿಪಬ್ಲಿಕ್’ನ ಒಂದು ತುಣುಕಿನ ಒರಟು ಅನುವಾದ ಕೂಡ ಅವುಗಳ ನಡುವೆ ಇದೆ. ‘ನಾಸ್ಟಿಕ್’ (ಗೂಢಜ್ಞಾನದಿಂದ ಮುಕ್ತಿಯೆನ್ನುವ ಪಂಥ) ಎಂಬ ಒಂದೇ ಹೆಸರಿನ ಕೆಳಗೆ ಇವೆಲ್ಲವನ್ನೂ ಸೇರಿಸಬಹುದೇ ಎಂಬ ಪ್ರಶ್ನೆಯನ್ನು 1990ರ ದಶಕದಿಂದ ಈಚೆಗೆ ಗಂಭೀರವಾಗಿ ಕೇಳಲಾಗಿದೆ. ನನ್ನ ಮಟ್ಟಿಗೆ, ಎರಡನೆಯ ಶತಮಾನವನ್ನು ಕುರಿತ ಅಧ್ಯಾಯವನ್ನೇ ಮರಳಿ ಕಟ್ಟಿ, ರೋಮ್ ನಗರದಲ್ಲಿ ಒಂದೇ ತಲೆಮಾರಿನಲ್ಲಿ ಮುಂದೆ ಸಂತನೆನಿಸಿದ ಜಸ್ಟಿನ್, ಮುಂದೆ ಪಾಷಂಡಿಗಳೆನಿಸಿದ ಮಾರ್ಸಿಯನ್, ವ್ಯಾಲೆಂಟೈನಸ್ ಮೂವರೂ ಬೋಧಿಸುತ್ತಿದ್ದರೆಂಬ ಸಂಗತಿಯಿಂದ ಅದನ್ನು ಆರಂಭಿಸದೆ ಬೇರೆ ದಾರಿಯಿಲ್ಲ. ಅವರಲ್ಲಿ ಯಾರು ‘ಒಳಗಿನವರು’ ಎಂಬುದು ಅವರ ಕಾಲದಲ್ಲಿ ತೀರ್ಮಾನವಾಗಿ ಮುಗಿದಿರಲಿಲ್ಲ.

ಇಲ್ಲಿ ವಾಲ್ಟರ್ ಬೌವರ್ ಅವರನ್ನು ನೆನೆಯಬೇಕು. 1934ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ಅವರ ಗ್ರಂಥವು, ಅನೇಕ ಪ್ರದೇಶಗಳಲ್ಲಿ ಮುಂದೆ ಪಾಷಂಡವೆನಿಸಿಕೊಂಡದ್ದೇ ಮೊದಲು ಇದ್ದ ಕ್ರೈಸ್ತಧರ್ಮ, ಅಧಿಕೃತ ಬೋಧನೆಯೆನಿಸಿಕೊಂಡದ್ದು ರೋಮಿನ ಪ್ರಭಾವದಿಂದ ಆಮೇಲೆ ಹಬ್ಬಿತು ಎಂದು ವಾದಿಸಿತು. ಅವರು ಆರಂಭಿಸಿದ್ದು ಉತ್ತರ ಮೆಸೊಪೊಟೇಮಿಯದ ಎಡೆಸ್ಸ ನಗರದಿಂದ. ಯೇಸುವೂ ಎಡೆಸ್ಸದ ಅರಸ ಅಬ್ಗರನೂ ಪತ್ರ ಬರೆದುಕೊಂಡರೆಂದು ಯುಸೇಬಿಯಸ್ ನಂಬಿ ಉದ್ಧರಿಸಿದ ದಂತಕಥೆಯನ್ನು ಅವರು ಸುಲಭವಾಗಿ ಕೆಡವಿದರು. ಈಜಿಪ್ಟಿನ ವಿಷಯದಲ್ಲಿ ಅವರ ವಾದ ಅಷ್ಟು ಬಲವಾದದ್ದಲ್ಲ, ಏಕೆಂದರೆ ಅದು ಬಹುಮಟ್ಟಿಗೆ ಆಕರಗಳ ಮೌನದ ಮೇಲೆ ನಿಂತಿದೆ. ಅಲ್ಲಿ ಸಿಕ್ಕ ಎರಡನೆಯ ಶತಮಾನದ ಪಪೈರಸ್‌ಗಳು ಆ ಚಿತ್ರವನ್ನು ಬೆಂಬಲಿಸಲಿಲ್ಲ. ಯುಸೇಬಿಯಸ್‌ನ ಚೌಕಟ್ಟನ್ನು ತಲೆಕೆಳಗು ಮಾಡಿದ ಮಾತ್ರಕ್ಕೆ ಚೌಕಟ್ಟು ಹೋಗುವುದಿಲ್ಲ, ಖಳನೂ ನಾಯಕನೂ ಜಾಗ ಬದಲಿಸುತ್ತಾರೆ ಅಷ್ಟೆ. ಬೌವರ್ 1960ರಲ್ಲಿ ತೀರಿಕೊಂಡ ಬಳಿಕ 1964ರಲ್ಲಿ ಎರಡನೆಯ ಆವೃತ್ತಿಯನ್ನು ಸಿದ್ಧಪಡಿಸಿದ ಗೇಯೋರ್ಗ್ ಸ್ಟ್ರೆಕರ್ ಮೂಲವನ್ನು ಹೆಚ್ಚು ಮುಟ್ಟದೆ, ಅದು ಕೈಬಿಟ್ಟಿದ್ದ ಯೆಹೂದ್ಯ ಕ್ರೈಸ್ತರನ್ನು ಕುರಿತು ತಾವೇ ಒಂದು ಅನುಬಂಧ ಬರೆದು, ಗ್ರಂಥಕ್ಕೆ ಬಂದ ಪ್ರತಿಕ್ರಿಯೆಗಳನ್ನು ಇನ್ನೊಂದರಲ್ಲಿ ವಿವರಿಸಿದರು. ಯಾವ ಮಾತು ಯಾರದೆಂಬ ಗೊಂದಲ ಓದುಗನಿಗೆ ಅಲ್ಲಿ ಎಲ್ಲೂ ಬರುವುದಿಲ್ಲ.

ಯೆಹೂದ್ಯರ ಪ್ರಸ್ತಾಪ ಬಂದದ್ದರಿಂದ ಹಳೆಯ ಪುಸ್ತಕಗಳ ಮೊದಲ ಅಧ್ಯಾಯದ ಕಡೆ ತಿರುಗೋಣ. ಅತ್ಯಂತ ಹೆಚ್ಚು ತಿದ್ದಬೇಕಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಯೇಸುವಿನ ಕಾಲದ ಯೆಹೂದ್ಯಧರ್ಮವನ್ನು ‘ಉತ್ತರಕಾಲೀನ ಯೆಹೂದ್ಯಧರ್ಮ’ವೆಂದು ಕರೆಯುವುದು ವಾಡಿಕೆಯಾಗಿತ್ತು, ಅದು ಅಲ್ಲಿಗೆ ಮುಗಿಯಿತೇನೋ ಎಂಬಂತೆ. ಅದನ್ನು ಒಣ ವಿಧಿನಿಯಮಗಳ ಧರ್ಮವೆಂದು ಚಿತ್ರಿಸಿ, ಆ ಕತ್ತಲ ಹಿನ್ನೆಲೆಯಲ್ಲಿ ಕ್ರೈಸ್ತಧರ್ಮವನ್ನು ಬೆಳಗಿಸಲಾಗುತ್ತಿತ್ತು. 1947ರಿಂದ ಮೃತ ಸಮುದ್ರದ ದಡದ ಕುಮ್ರಾನಿನ ಹನ್ನೊಂದು ಗುಹೆಗಳಲ್ಲಿ ದೊರೆತ ಸುರುಳಿಗಳು, ಅವುಗಳ ಛಾಯಾಚಿತ್ರಗಳು ಎಲ್ಲ ವಿದ್ವಾಂಸರಿಗೂ 1991ರಲ್ಲಿ ಮುಕ್ತವಾಗಿ ದೊರೆಯತೊಡಗಿದ ಮೇಲೆ, ಆ ಧರ್ಮದೊಳಗೆ ಎಷ್ಟು ಬಗೆಯ ಧ್ವನಿಗಳಿದ್ದವೆಂಬುದನ್ನು ತೋರಿಸಿದವು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪೌಲನನ್ನೂ ಅವನ ಕಾಲದ ಯೆಹೂದ್ಯ ಬರಹಗಳನ್ನೂ ಜೊತೆಯಾಗಿಟ್ಟು ಓದಿ, ದೇವರ ಕೃಪೆ ಮತ್ತು ಒಡಂಬಡಿಕೆ ಆ ಬರಹಗಳಿಗೂ ಕೇಂದ್ರವೆಂದು ತೋರಿಸಿದರು. ಕ್ರಿ.ಶ. 90ರ ಸುಮಾರಿಗೆ ಪ್ಯಾಲೆಸ್ತೀನಿನ ಯವ್ನೆಯಲ್ಲಿ ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಮಹಾಸಭೆಯೊಂದು ಸೇರಿ ಪವಿತ್ರಗ್ರಂಥಗಳ ಪಟ್ಟಿಯನ್ನು ಮುಚ್ಚಿತು, ಅಲ್ಲಿಂದ ಎರಡು ಧರ್ಮಗಳ ದಾರಿ ಕವಲೊಡೆಯಿತು ಎಂಬ ಅಚ್ಚುಕಟ್ಟಾದ ದೃಶ್ಯವೂ ನಿಲ್ಲುವುದಿಲ್ಲ. ಅಂಥ ಮಹಾಸಭೆಗೆ ಆಕರಗಳಲ್ಲಿ ಆಧಾರ ತೀರ ತೆಳು.

ಕವಲೊಡೆಯುವಿಕೆ ನಿಧಾನವಾಗಿ, ಊರಿಂದೂರಿಗೆ ಬೇರೆಬೇರೆ ರೀತಿಯಲ್ಲಿ ನಡೆಯಿತೆಂಬುದಕ್ಕೆ ಯೂಫ್ರೆಟಿಸ್ ನದಿಯ ದಂಡೆಯ ಡ್ಯೂರಾ ಯೂರೋಪಸ್‌ಗಿಂತ ಒಳ್ಳೆಯ ಪಾಠವಿಲ್ಲ. ಸುಮಾರು 256ರಲ್ಲಿ ಪರ್ಷಿಯದ ಸಸಾನಿಯನ್ನರು ಮುತ್ತಿಗೆ ಹಾಕಿದಾಗ ರೋಮನ್ ಸೈನಿಕರು ಪಶ್ಚಿಮದ ಕೋಟೆಗೋಡೆಯನ್ನು ಬಲಪಡಿಸಲು ಅದಕ್ಕೆ ತಾಗಿದ ಕಟ್ಟಡಗಳೊಳಗೆ ಮಣ್ಣು ತುಂಬಿದರು. ಊರು ನಾಶವಾಯಿತು, ಆದರೆ ಮಣ್ಣಿನ ಕೆಳಗಿದ್ದ ಗೋಡೆಗಳೂ ವರ್ಣಚಿತ್ರಗಳೂ ಉಳಿದವು. 1930ರ ದಶಕದ ಅಗೆತದಲ್ಲಿ ಅದೇ ಗೋಡೆಯುದ್ದಕ್ಕೂ, ಒಂದಕ್ಕೊಂದು ಹೆಚ್ಚು ದೂರವಿಲ್ಲದಂತೆ, ಸಾಮಾನ್ಯ ಮನೆಯೊಂದನ್ನು ಬದಲಿಸಿ ಮಾಡಿದ ಕ್ರೈಸ್ತರ ಆರಾಧನಾಸ್ಥಳ, ಗೋಡೆತುಂಬ ಬೈಬಲ್ ಕಥೆಗಳ ಚಿತ್ರಗಳಿದ್ದ ಯೆಹೂದ್ಯರ ಸಿನಗಾಗ್, ಮಿತ್ರ ದೇವತೆಯ ಗುಡಿ ಮೂರೂ ಹೊರಬಂದವು. ಕ್ರೈಸ್ತರ ಮನೆಯ ದೀಕ್ಷಾಸ್ನಾನದ ಕೋಣೆಯಲ್ಲಿ ಕುರುಬ, ನೀರಿನ ಮೇಲೆ ನಡೆಯುವ ಯೇಸು, ಸಮಾಧಿಯತ್ತ ಸಾಗುವ ಹೆಂಗಸರೆಂದು ಬಹುಕಾಲ ಗುರುತಿಸಿಕೊಂಡು ಬಂದ ಚಿತ್ರಗಳಿವೆ. ಮೂರ್ತಿಚಿತ್ರಣವನ್ನು ಯೆಹೂದ್ಯರು ಸಂಪೂರ್ಣ ತ್ಯಜಿಸಿದ್ದರು, ಕ್ರೈಸ್ತರು ಕಾನ್‌ಸ್ಟಂಟೈನನವರೆಗೆ ಅಡಗಿಯೇ ಆರಾಧಿಸುತ್ತಿದ್ದರು ಎಂಬ ಎರಡು ಹಳೆಯ ವಾಕ್ಯಗಳನ್ನು ಈ ಒಂದು ಬೀದಿ ಒಟ್ಟಿಗೆ ಹೊಡೆದುಹಾಕುತ್ತದೆ. 1950ರ ಪುಸ್ತಕದಲ್ಲಿ ಡ್ಯೂರಾ ಇರಬಹುದು, ಆದರೆ ಅದು ಕಲೆಯ ಅಧ್ಯಾಯದಲ್ಲಿ ಒಂದು ಚಿತ್ರಪಟವಾಗಿ ಇರುತ್ತದೆ. ಹೊಸ ಆವೃತ್ತಿಯಲ್ಲಿ ಅದನ್ನು ಚರಿತ್ರೆಯ ಮುಖ್ಯ ಅಧ್ಯಾಯಕ್ಕೆ ತರಬೇಕು.

ಕ್ರೈಸ್ತರು ಅನುಭವಿಸಿದ ಹಿಂಸೆಯ ಅಧ್ಯಾಯದಲ್ಲಿ ಅಳತೆ ತಪ್ಪುವ ಅಪಾಯ ಎರಡೂ ಕಡೆಯಿಂದ ಇದೆ. ನೀರೋವಿನಿಂದ ಡಯೊಕ್ಲೀಶಿಯನ್‌ವರೆಗೆ ಹತ್ತು ಮಹಾಹಿಂಸೆಗಳೆಂಬ ಎಣಿಕೆ ಐದನೆಯ ಶತಮಾನದ ಕ್ರೈಸ್ತ ಇತಿಹಾಸಕಾರ ಒರೋಸಿಯಸ್‌ನಲ್ಲಿ ಬೈಬಲ್ ಹೇಳುವ ಈಜಿಪ್ಟಿನ ಹತ್ತು ಪೀಡೆಗಳಿಗೆ ಸರಿಹೊಂದುವಂತೆ ಬರುತ್ತದೆ, ಮತ್ತು ಆ ಹೋಲಿಕೆಯನ್ನು ಉತ್ತರ ಆಫ್ರಿಕದ ಬಿಷಪ್ ಆಗಸ್ಟೀನ್ ಆಗಲೇ ಒಪ್ಪಿರಲಿಲ್ಲ. ಸುಮಾರು 112ರಲ್ಲಿ ಬಿಥೂನ್ಯದ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರವನ್ನು ಓದಿದರೆ, ಕ್ರೈಸ್ತರನ್ನು ಹೇಗೆ ವಿಚಾರಣೆಗೆ ಒಳಪಡಿಸಬೇಕೆಂಬುದು ಅಷ್ಟು ಅನುಭವಿ ಅಧಿಕಾರಿಗೂ ತಿಳಿದಿರಲಿಲ್ಲವೆಂಬುದು ಕಾಣುತ್ತದೆ. ಹುಡುಕಿ ಹಿಡಿಯಬೇಡ ಎಂದು ಟ್ರಾಜನ್ ಉತ್ತರಿಸಿದ. ಡೀಶಿಯಸ್‌ನ (ಆಗಿನ ಚಕ್ರವರ್ತಿ) ಆಜ್ಞೆಯಂತೆ ದೇವತೆಗಳಿಗೆ ಬಲಿ ಅರ್ಪಿಸಿದ್ದೇವೆಂದು 250ರ ಬೇಸಿಗೆಯಲ್ಲಿ ಜನ ಪಡೆದ ಪ್ರಮಾಣಪತ್ರಗಳು ಈಜಿಪ್ಟಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಒಂದು ಪೆಟೆಸೂಖೋಸ್ ಎಂಬ ಮೊಸಳೆ ದೇವರ ಪೂಜಾರಿಣಿಯೊಬ್ಬಳದು. ಆಜ್ಞೆ ಕ್ರೈಸ್ತರನ್ನಷ್ಟೇ ಗುರಿಯಾಗಿಸಿಕೊಂಡು ಹೊರಟಿತ್ತು ಎಂಬ ಹಳೆಯ ವಾಕ್ಯವನ್ನು ಆ ಪೂಜಾರಿಣಿ ತಿದ್ದಿಸುತ್ತಾಳೆ. ಹಾಗೆಂದು ಹಿಂಸೆಯೇ ಒಂದು ಕಟ್ಟುಕಥೆ ಎಂದು ಬರೆಯುವುದು ಇತ್ತೀಚಿನ ಅತಿರೇಕ. ಆ ಆಜ್ಞೆಯ ಪರಿಣಾಮವಾಗಿ ರೋಮಿನ ಬಿಷಪ್ ಫೇಬಿಯನ್ ಸತ್ತದ್ದೂ, 303ರಲ್ಲಿ ಆರಂಭವಾದ ಕೊನೆಯ ಹಿಂಸೆ ಪೂರ್ವಪ್ರಾಂತಗಳಲ್ಲಿ ವರ್ಷಗಟ್ಟಲೆ ನಡೆದದ್ದೂ ಚರಿತ್ರೆಯೇ.

ಸಂಖ್ಯೆಗಳ ವಿಷಯದಲ್ಲಿ ಒಂದೇ ಮಾತು. ಕ್ರಿ.ಶ. 40ರಲ್ಲಿ 1,000 ಕ್ರೈಸ್ತರು, ದಶಕಕ್ಕೆ 40 ಪ್ರತಿಶತ ಬೆಳವಣಿಗೆ, 300ರ ಹೊತ್ತಿಗೆ ಸುಮಾರು 60 ಲಕ್ಷ ಎಂಬ ಲೆಕ್ಕ 1996ರಿಂದ ಎಲ್ಲೆಡೆ ಉದ್ಧೃತವಾಗುತ್ತಿದೆ. ಅದು ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ ಕಟ್ಟಿದ ಒಂದು ಮಾದರಿ, ಆರಂಭದ ಅಂಕಿಯೂ ಕೊನೆಯ ಅಂಕಿಯೂ ಊಹೆಗಳು; ಜನಗಣತಿಯ ಭಾಷೆಯಲ್ಲಿ ಅದನ್ನು ಬರೆಯಬಾರದು.

ರೋಮನ್ ಸಾಮ್ರಾಜ್ಯದ ಆಚೆಗಿನ ಇಥಿಯೋಪಿಯ, ಭಾರತಗಳಂಥ ನಾಡುಗಳನ್ನು ಹಳೆಯ ಪುಸ್ತಕ ಬಹುತೇಕ ಮರೆತಿರುತ್ತದೆ. ಅಕ್ಸುಮ್‌ನ (ಇಂದಿನ ಇಥಿಯೋಪಿಯ ಪ್ರದೇಶದ ರಾಜ್ಯ) ಅರಸ ಏಜಾನ ನಾಲ್ಕನೆಯ ಶತಮಾನದಲ್ಲಿ ತನ್ನ ನಾಣ್ಯಗಳ ಮೇಲಿನ ಚಂದ್ರ ಮತ್ತು ಬಿಂಬದ ಗುರುತನ್ನು ತೆಗೆದು ಶಿಲುಬೆಯನ್ನು ಹಾಕಿಸಿದ್ದು ಕಾನ್‌ಸ್ಟಂಟೈನನ ಕಥೆಯಷ್ಟೇ ಗಮನಾರ್ಹ. ಭಾರತದ ವಿಷಯದಲ್ಲಂತೂ ಖಚಿತತೆಯನ್ನು ಬಲು ಜೋಪಾನವಾಗಿ ತೂಗಬೇಕು. ಮೂರನೆಯ ಶತಮಾನದ ಮೊದಲ ಭಾಗದ್ದೆಂದು ತಿಳಿಯಲಾದ ‘ತೋಮನ ಕೃತ್ಯಗಳು’ ಅಪೊಸ್ತಲ ತೋಮನನ್ನು ಗುಂಡಾಫರ್ ಎಂಬ ಅರಸನ ಆಸ್ಥಾನಕ್ಕೆ ಕಳಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ಸಿಕ್ಕ ನಾಣ್ಯಗಳಿಂದ ಗೊಂಡೊಫಾರಸ್ ಎಂಬ ಅರಸ ನಿಜವಾಗಿ ಇದ್ದನೆಂದು ತಿಳಿಯಿತು. ನಾಣ್ಯ ಅರಸನಿಗೆ ಸಾಕ್ಷಿ, ಪ್ರಯಾಣಕ್ಕೆ ಅಲ್ಲ. ಮಲಬಾರಿನಲ್ಲಿ ಕ್ರೈಸ್ತರಿದ್ದಾರೆಂದು ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವ್ಯಾಪಾರಿ ಕಾಸ್ಮಾಸ್ ಬರೆಯುವುದು ಗಟ್ಟಿಯಾದ ಸಾಕ್ಷ್ಯ. ಅದಕ್ಕಿಂತ ಹಿಂದಿನದನ್ನು ಸಂಪ್ರದಾಯವೆಂದೇ ಹೆಸರಿಸಿ ಗೌರವದಿಂದ ದಾಖಲಿಸುವುದು ಸರಿಯಾದ ಕ್ರಮ.

ಇಷ್ಟೆಲ್ಲ ಬದಲಾವಣೆಯನ್ನು ಪುಟದ ಮೇಲೆ ಹೇಗೆ ತರುವುದು? ಬದುಕಿರುವ ಲೇಖಕರಿಗೆ ಒಂದು ಉತ್ತಮ ಮಾದರಿ ಇದೆ. ಪೀಟರ್ ಬ್ರೌನ್ ಬರೆದ ಆಗಸ್ಟೀನನ ಜೀವನಚರಿತ್ರೆ 1967ರಲ್ಲಿ ಹೊರಬಂತು. ಅನಂತರ ಯೋಹಾನೆಸ್ ಡಿವ್ಯಾಕ್ ಆಗಸ್ಟೀನನ ಅಪರಿಚಿತ ಪತ್ರಗಳನ್ನು ಹುಡುಕಿ 1981ರಲ್ಲಿ ಪ್ರಕಟಿಸಿದರು, 1990ರಲ್ಲಿ ಫ್ರಾನ್ಸುವಾ ಡೊಲ್ಬೊ ಮೈಂಜ್ ನಗರದ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಅವನ ಹಲವು ಪ್ರವಚನಗಳನ್ನು ಗುರುತಿಸಿದರು. ಆ ಪತ್ರಗಳಲ್ಲೊಂದರಲ್ಲಿ ಮುದುಕನಾದ ಬಿಷಪ್ ಆಫ್ರಿಕದ ಕರಾವಳಿಯಲ್ಲಿ ಜನರನ್ನು ಅಪಹರಿಸಿ ಮಾರುತ್ತಿದ್ದ ವ್ಯಾಪಾರಿಗಳ ವಿರುದ್ಧ ಏನು ಮಾಡಬಹುದೆಂದು ಕಂಗಾಲಾಗಿ ಕೇಳುತ್ತಾನೆ. ಕಠೋರ ಅಧಿಕಾರಸ್ಥನೆಂದು ಚಿತ್ರಿತನಾಗಿದ್ದವನು ದಣಿವಿಲ್ಲದೆ ಸಣ್ಣಸಣ್ಣ ಜನರ ಕಷ್ಟಗಳಲ್ಲಿ ತೊಡಗಿದ್ದವನಾಗಿ ಕಾಣುತ್ತಾನೆ. 2000ದ ಹೊಸ ಆವೃತ್ತಿಯಲ್ಲಿ ಬ್ರೌನ್ ಮೂಲ ಅಧ್ಯಾಯಗಳನ್ನು ಇದ್ದಂತೆಯೇ ಇಟ್ಟು, ಹೊಸ ಸಾಕ್ಷ್ಯವನ್ನೂ ಸಂಶೋಧನೆಯ ಹೊಸ ದಿಕ್ಕುಗಳನ್ನೂ ಕುರಿತ ಎರಡು ಅಧ್ಯಾಯಗಳನ್ನು ಕೊನೆಗೆ ಸೇರಿಸಿ, ತಾವು ಹಿಂದೆ ಎಲ್ಲಿ ಹೇಗೆ ಚಿತ್ರಿಸಿದ್ದರೋ ಅದನ್ನು ಈಗ ಹೇಗೆ ನೋಡುತ್ತಾರೆಂದು ಅಲ್ಲಿ ಹೇಳಿದರು. ಆಗಸ್ಟೀನನೇ 426–427ರಲ್ಲಿ ತನ್ನ 93 ಕೃತಿಗಳನ್ನು ಬರೆದ ಕ್ರಮದಲ್ಲಿ ಮತ್ತೆ ಓದಿ, ತಿದ್ದಬೇಕಾದದ್ದನ್ನು ಬೇರೊಂದು ಗ್ರಂಥದಲ್ಲಿ ಬರೆದಿಟ್ಟಿದ್ದ. ಹಳೆಯ ಪ್ರತಿಗಳು ಆಗಲೇ ಜನರ ಕೈಸೇರಿದ್ದವು, ಅವನ್ನು ಹಿಂತೆಗೆದುಕೊಳ್ಳುವಂತಿರಲಿಲ್ಲ.

ಲೇಖಕರಿಲ್ಲದ ಪುಸ್ತಕದಲ್ಲಿ ಈ ದಾರಿ ಅರ್ಧ ಮಾತ್ರ ಸಾಗುತ್ತದೆ, ಏಕೆಂದರೆ ಯೆಹೂದ್ಯಧರ್ಮದ ಅಧ್ಯಾಯದಂಥದ್ದನ್ನು ಇದ್ದಂತೆ ಅಚ್ಚು ಹಾಕಿ, ಕೊನೆಯಲ್ಲಿ ಕ್ಷಮೆ ಕೇಳುವಂಥ ಅನುಬಂಧ ಬರೆದರೆ ವಿದ್ಯಾರ್ಥಿ ಓದುವುದು ಅಧ್ಯಾಯವನ್ನೇ ಹೊರತು ಅನುಬಂಧವನ್ನಲ್ಲ. ಅಂಥ ಅಧ್ಯಾಯಗಳನ್ನು ಹೊಸದಾಗಿ ಬರೆದು ಬರೆದವರ ಹೆಸರನ್ನು ಅಧ್ಯಾಯದ ತಲೆಯಲ್ಲೇ ಹಾಕಬೇಕು, ಉಳಿದ ಕಡೆ ಮೂಲವನ್ನು ಉಳಿಸಿ ತಿದ್ದುಪಡಿಗಳನ್ನು ಪುಟದ ಅಡಿಯಲ್ಲಿ ಬೇರೆ ಗುರುತಿನೊಂದಿಗೆ ಕೊಡಬೇಕು, ಹಳೆಯ ಆವೃತ್ತಿಯ ಪುಟಸಂಖ್ಯೆಗಳನ್ನು ಅಂಚಿನಲ್ಲಿ ಉಳಿಸಬೇಕು. ದಶಕಗಳ ಕಾಲ ಆ ಪುಟಗಳನ್ನು ಉದ್ಧರಿಸಿದ ಇತರ ಪುಸ್ತಕಗಳ ಓದುಗರಿಗೆ ಅದೊಂದೇ ಸೇತುವೆ. ಮುನ್ನುಡಿಯಲ್ಲಿ ಯಾವ ವರ್ಷದವರೆಗೆ ಪ್ರಕಟವಾದ ಸಾಕ್ಷ್ಯವನ್ನು ಗಮನಿಸಲಾಗಿದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು ಅಗತ್ಯ. 1898ರಲ್ಲಿ ಆರಂಭವಾದ ಆಕ್ಸಿರಿಂಕಸ್ ಸಂಪುಟಗಳು ಎಂಬತ್ತನ್ನು ದಾಟಿ ಈಗಲೂ ಬರುತ್ತಿವೆ, ಮತ್ತು ಆ ಊರಿನಿಂದ ಆಕ್ಸ್‌ಫರ್ಡ್‌ಗೆ ತಂದ ಲಕ್ಷಾಂತರ ತುಣುಕುಗಳಲ್ಲಿ ಬಹುಪಾಲನ್ನು ಇನ್ನೂ ಯಾರೂ ಪ್ರಕಟಿಸಿಲ್ಲ.